ಪ್ಯಾಕೇಜ್ ಮ್ಯಾನೇಜರ್: ಆದೇಶ ಟೈಪಿಸುವುದು ಎಲ್ಲರಿಗೂ ಅಗತ್ಯವೇ?

ನೀವು ಮಳವಳ್ಳಿಯ ಒಂದು ಪ್ರೌಢಶಾಲೆಯ ಅಧ್ಯಾಪಕರೆಂದು ಭಾವಿಸಿ. ಶಾಲೆಯಲ್ಲಿ ಹತ್ತು ಹಳೆಯ ಕಂಪ್ಯೂಟರುಗಳಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡದ್ದರಿಂದ ಅವುಗಳಿಗೆ ಉಬುಂಟು ಹಾಕಿದ್ದೀರಿ. ಈಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಅಲ್ಲಿನ ಕನ್ನಡ ಅಕ್ಷರಗಳನ್ನು ತಿದ್ದಬಹುದಾದ ಪಠ್ಯವಾಗಿ ಮಾಡಬೇಕು. ಇದಕ್ಕೆ ‘ಟೆಸೆರಾಕ್ಟ್’ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ಎಲ್ಲಿಂದ ತರುವಿರಿ?

ಅಂತರಜಾಲದಲ್ಲಿ ಹುಡುಕಿ, ಮೊದಲು ಕಂಡ ‘ಡೌನ್‌ಲೋಡ್’ ಗುಂಡಿ ಒತ್ತುವುದು ನಮ್ಮಲ್ಲಿ ಹಲವರ ರೂಢಿ. ಇಲ್ಲವೇ ಮದ್ದೂರಿನ ಸ್ನೇಹಿತರಿಂದ ಪೆನ್‌ಡ್ರೈವ್‌ನಲ್ಲಿ ತರುವುದು. ಆ ಕಡತ ಅಸಲಿಯೋ ನಕಲಿಯೋ, ಜೊತೆಗೆ ವೈರಸ್ ಬಂದಿದೆಯೋ ತಿಳಿಯದು. ಮುಂದೆ ಅದರಲ್ಲಿ ದೋಷ ಕಂಡುಬಂದರೆ ತಿದ್ದಿದ ಆವೃತ್ತಿ ತಾನಾಗಿ ಬಾರದು.

ಪ್ಯಾಕೇಜ್ ಮ್ಯಾನೇಜರ್ ಏನು ಮಾಡುತ್ತದೆ?

ಮದ್ದೂರು ವಡೆಗೆ ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಎಲ್ಲವೂ ಬೇಕಲ್ಲವೇ? ತಂತ್ರಾಂಶವೂ ಹಾಗೆಯೇ. ಚಿತ್ರಗಳನ್ನು ಸಂಸ್ಕರಿಸಲು ಟೆಸೆರಾಕ್ಟ್ ‘ಲೆಪ್ಟೋನಿಕಾ’ ಎಂಬ ಇನ್ನೊಂದು ತಂತ್ರಾಂಶವನ್ನು ಅವಲಂಬಿಸಿದೆ. ಲೆಪ್ಟೋನಿಕಾಗೆ ಬೇರೆ ಕೆಲವು ಬೇಕು. ಈ ಅವಲಂಬನೆಗಳ ಸರಪಣಿಯನ್ನು ಲೆಕ್ಕ ಹಾಕಿ, ಬೇಕಾದುದನ್ನೆಲ್ಲ ಒಂದೇ ಭಂಡಾರದಿಂದ ತರುವ ಸಾಧನವೇ ಪ್ಯಾಕೇಜ್ ಮ್ಯಾನೇಜರ್. ಡೆಬಿಯನ್ ಲಿನಕ್ಸ್‌ನ 1999ರ ಆವೃತ್ತಿಯಲ್ಲಿ ಬಂದ ‘ಆಪ್ಟ್’ ಇಂಥದ್ದು; ಉಬುಂಟು ಬಳಸುವುದೂ ಅದನ್ನೇ.

ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿಗೂ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ದಾರಿಯಲ್ಲಿ ಯಾರಾದರೂ ಕಡತವನ್ನು ಬದಲಿಸಿದರೆ ಈ ಸಂಖ್ಯೆ ಹೊಂದುವುದಿಲ್ಲ. ಆಪ್ಟ್ ಅದನ್ನು ತಿರಸ್ಕರಿಸುತ್ತದೆ.

ಯಾರಿಗೆ ಬೇಡ, ಯಾರಿಗೆ ಬೇಕು?

ಈ ಸೌಲಭ್ಯ ಎಲ್ಲರಿಗೂ ಬೇಕು. ಆದರೆ ಅದಕ್ಕಾಗಿ ಆದೇಶ ಟೈಪಿಸಬೇಕೆಂದೇನೂ ಇಲ್ಲ. ನಿಮ್ಮ ಮೊಬೈಲಿನ ಪ್ಲೇ ಸ್ಟೋರ್ ಹೆಚ್ಚುಕಡಿಮೆ ಇದೇ ಕೆಲಸವನ್ನು ಬೆರಳ ತುದಿಯಲ್ಲಿ ಮಾಡುತ್ತದೆ. ಉಬುಂಟುವಿನಲ್ಲಿ ಆಪ್ ಸೆಂಟರ್, ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಇವೆ. ಮಂಡ್ಯದಲ್ಲಿ ಪತ್ರ ಬರೆಯಲು, ಬಿಲ್ ಕಟ್ಟಲು ಕಂಪ್ಯೂಟರ್ ಬಳಸುವವರಿಗೆ ಇವೇ ಸಾಕು.

ಆದರೆ ನಿಮ್ಮ ಪ್ರಶ್ನೆಪತ್ರಿಕೆಗೆ ಸಾಲವು. ಕನ್ನಡ ಅಕ್ಷರಗಳನ್ನು ಗುರುತಿಸುವ ದತ್ತಾಂಶ ಟೆಸೆರಾಕ್ಟ್‌ಗೆ ಪ್ರತ್ಯೇಕ ಪ್ಯಾಕೇಜಾಗಿದೆ. ಚಿತ್ರಮಯ ಅಂಗಡಿಗಳು ಸಾಮಾನ್ಯವಾಗಿ ಕಿಟಕಿ ತೆರೆದುಕೊಳ್ಳುವ ಅನ್ವಯಗಳನ್ನು ತೋರಿಸುತ್ತವೆ, ಇಂಥ ದತ್ತಾಂಶವನ್ನಲ್ಲ. ‘ಸಿನಾಪ್ಟಿಕ್’ ಹಾಕಿಕೊಂಡರೆ ಮೌಸ್‌ನಿಂದಲೇ ಹುಡುಕಬಹುದು. ಇಲ್ಲವೇ ಟರ್ಮಿನಲ್‌ನಲ್ಲಿ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಒಂದು ಸಾಲು ಸಾಕು:

ಸುಡೊ ಆಪ್ಟ್ ಇನ್‌ಸ್ಟಾಲ್ ಟೆಸೆರಾಕ್ಟ್-ಒಸಿಆರ್ ಟೆಸೆರಾಕ್ಟ್-ಒಸಿಆರ್-ಕಾನ್

ಕೊನೆಯ ‘ಕಾನ್’ ಕನ್ನಡದ ಮೂರಕ್ಷರದ ಸಂಕೇತ. ಈ ಸಾಲನ್ನು ಪ್ರಯೋಗಾಲಯದ ಪುಸ್ತಕದಲ್ಲಿ ಬರೆದಿಡಬಹುದು. ಹತ್ತೂ ಕಂಪ್ಯೂಟರುಗಳಲ್ಲಿ ತಪ್ಪಿಲ್ಲದೆ ಪುನರಾವರ್ತಿಸಬಹುದು. ಮದ್ದೂರಿನ ಸಹೋದ್ಯೋಗಿಗೆ ಫೋನಿನಲ್ಲಿ ಓದಿ ಹೇಳಬಹುದು. ಹದಿನೈದು ಬಾರಿ ಎಲ್ಲೆಲ್ಲಿ ಮೌಸ್ ಒತ್ತಬೇಕೆಂದು ಹೀಗೆ ಹೇಳುವುದು ಕಷ್ಟ. ವಿಂಡೋಸ್‌ನಲ್ಲೂ ಇಂಥ ಸಾಧನವಿದೆ: ‘ವಿಂಗೆಟ್’, ಅದರ 1.0 ಆವೃತ್ತಿ ಬಂದದ್ದು 2021ರಲ್ಲಿ.

ಎಚ್ಚರಿಕೆ

‘ಸುಡೊ’ ಎಂದರೆ ಕಂಪ್ಯೂಟರಿನ ಪೂರ್ಣ ಅಧಿಕಾರ ಕೊಟ್ಟಂತೆ. ಅರ್ಥವಾಗದ ಆದೇಶವನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಬೇಡಿ. ಅಪರಿಚಿತ ಭಂಡಾರಗಳನ್ನು ಸೇರಿಸಬೇಡಿ. ಭಂಡಾರವೂ ದೋಷಾತೀತವಲ್ಲ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಜೆಡ್’ ಎಂಬ ತಂತ್ರಾಂಶದೊಳಗೆ ಬಚ್ಚಿಟ್ಟಿದ್ದ ಕಳ್ಳಬಾಗಿಲು ಪತ್ತೆಯಾಯಿತು. ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿಯವರೆಗೂ ಬಂದಿತ್ತು. ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಆದ್ದರಿಂದ ಶಾಲೆಗೆ ಸ್ಥಿರ ಆವೃತ್ತಿಯೇ ಲೇಸು.

ಮಾಡಿ ನೋಡಿ: ಮೇಲಿನ ಆದೇಶದಲ್ಲಿ ‘ಇನ್‌ಸ್ಟಾಲ್’ ಪದದ ನಂತರ ಸ್ಥಳ ಬಿಟ್ಟು ‘-ಎಸ್’ ಸೇರಿಸಿ. ಆಪ್ಟ್ ಏನನ್ನೂ ಸ್ಥಾಪಿಸದೆ, ಏನೇನು ತರಬೇಕಾಗುತ್ತದೆಂದು ಮಾತ್ರ ತಿಳಿಸುತ್ತದೆ. ಆ ಪಟ್ಟಿಯಿಂದ ಅವಲಂಬನೆಯ ನಕ್ಷೆಯೊಂದನ್ನು ಬರೆಯಲು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.