ಸೋರುವ ಟ್ಯಾಂಕಿನ ಲೆಕ್ಕ: ಪುಸ್ತಕದ ಉತ್ತರವೂ ನೀರಿನ ಉತ್ತರವೂ

ಮಳೆಯ ನಾಡೆಂದು ಹೆಸರಾದ ವಯನಾಡಿನಲ್ಲಿಯೂ ಬೇಸಿಗೆಯ ನೀರಿನ ಬವಣೆ ಹೊಸತಲ್ಲ. ಕಬಿನಿಯ ಮಗ್ಗುಲಲ್ಲಿಯೇ ಇರುವ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿ ಭಾಗಗಳು ಬಿಸಿಲುಗಾಲದಲ್ಲಿ ಬಾಯಾರುತ್ತವೆ. ಇಂತಹ ಕಡೆ ಟ್ಯಾಂಕಿನ ತಳದಲ್ಲಿ ಒಂದು ಸಣ್ಣ ತೂತು ಬಿದ್ದರೆ ಅದು ಮನೆಯ ಪ್ರಶ್ನೆ. ಅದೇ ತೂತು ಮಕ್ಕಳ ಗಣಿತ ಪುಸ್ತಕದಲ್ಲಿ ಅಂಕ ತರುವ ಪ್ರಶ್ನೆಯೂ ಹೌದು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯನ್ನು ಹೀಗೆ ಇಟ್ಟುಕೊಳ್ಳೋಣ. ಸಿಲಿಂಡರ್ ಆಕಾರದ ಟ್ಯಾಂಕೊಂದರ ಒಳವ್ಯಾಸ 112 ಸೆಂ.ಮೀ., ಎತ್ತರ 100 ಸೆಂ.ಮೀ. ಟ್ಯಾಂಕ್ ತುಂಬಿದೆ. ತಳದ ರಂಧ್ರದಿಂದ ನೀರು ಸೋರಿ, ಮೊದಲ ಒಂದು ಗಂಟೆಯಲ್ಲಿ ನೀರಿನ ಮಟ್ಟ 2 ಸೆಂ.ಮೀ. ಇಳಿಯಿತು. ಗಂಟೆಗೆ ಎಷ್ಟು ನೀರು ನಷ್ಟವಾಗುತ್ತಿದೆ? ಟ್ಯಾಂಕ್ ಬರಿದಾಗಲು ಎಷ್ಟು ಕಾಲ ಬೇಕು?

ಪುಸ್ತಕದ ದಾರಿ

ಸಿಲಿಂಡರಿನ ಘನಫಲವೆಂದರೆ ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದಾಗ ಬರುವ ಮೊತ್ತ. ವ್ಯಾಸ 112 ಆದುದರಿಂದ ತ್ರಿಜ್ಯ 56 ಸೆಂ.ಮೀ. 56ರ ವರ್ಗ 3136. ಅದನ್ನು 22/7ರಿಂದ ಗುಣಿಸಿದರೆ ಪಾದದ ವಿಸ್ತೀರ್ಣ 9856 ಚದರ ಸೆಂ.ಮೀ. ಸಾವಿರ ಘನ ಸೆಂ.ಮೀ. ಒಂದು ಲೀಟರ್. ಆದ್ದರಿಂದ ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಎತ್ತರದ ನೀರು ಎಂದರೆ 9.856 ಲೀಟರ್, ತುಂಬಿದ ಟ್ಯಾಂಕಿನಲ್ಲಿ 985.6 ಲೀಟರ್.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಸೋರಿಕೆಯ ಲೆಕ್ಕಕ್ಕೆ ಪ್ರತಿ ಸಲವೂ ಇಡೀ ಟ್ಯಾಂಕಿನ ಘನಫಲ ಬೇಕಾಗಿಲ್ಲ. ಒಂದು ಸೆಂ.ಮೀ.ಗೆ ಎಷ್ಟು ಲೀಟರ್ ಎಂಬುದು ಗೊತ್ತಿದ್ದರೆ ಮಟ್ಟದ ಇಳಿತವೇ ಉಳಿದುದನ್ನು ಹೇಳುತ್ತದೆ. 2 ಸೆಂ.ಮೀ. ಇಳಿದಿದೆ, ಎಂದರೆ ಒಂದು ಗಂಟೆಯಲ್ಲಿ 19.7 ಲೀಟರ್ ಹೋಗಿದೆ. ಎರಡನೆಯ ಪ್ರಶ್ನೆಗೆ ಪುಸ್ತಕ ಸಾಮಾನ್ಯವಾಗಿ ನಿರೀಕ್ಷಿಸುವ ಉತ್ತರ, 100ನ್ನು 2ರಿಂದ ಭಾಗಿಸಿ 50 ಗಂಟೆ. ಸೋರಿಕೆ ಒಂದೇ ವೇಗದಲ್ಲಿ ನಡೆಯುತ್ತದೆ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಈ ಉತ್ತರ ಸರಿ.

ನೀರಿನ ದಾರಿ

ಆದರೆ ನಿಜವಾದ ಟ್ಯಾಂಕ್ 50 ಗಂಟೆಗೆ ಬರಿದಾಗುವುದಿಲ್ಲ. ರಂಧ್ರದ ಮೇಲೆ ನಿಂತ ನೀರಿನ ಎತ್ತರ ಕಡಿಮೆಯಾದಂತೆ ಒತ್ತಡವೂ ಕಡಿಮೆಯಾಗುತ್ತದೆ, ಸೋರಿಕೆಯೂ ನಿಧಾನವಾಗುತ್ತದೆ. ಗೆಲಿಲಿಯೋನ ಶಿಷ್ಯನಾದ ಇಟಲಿಯ ಟೊರಿಸೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಂತೆ, ರಂಧ್ರದಿಂದ ಹೊರಚಿಮ್ಮುವ ನೀರಿನ ವೇಗವು ಮೇಲಿರುವ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಎತ್ತರ ಕಾಲುಭಾಗಕ್ಕೆ ಇಳಿದಾಗ ವೇಗ ಕಾಲುಭಾಗವಲ್ಲ, ಅರ್ಧವಾಗುತ್ತದೆ.

ಈ ನಿಯಮವನ್ನು ಅನ್ವಯಿಸಿದರೆ ಟ್ಯಾಂಕ್ ಬರಿದಾಗಲು ಬೇಕಾಗುವ ಕಾಲ ಪುಸ್ತಕದ ಉತ್ತರದ ಎರಡರಷ್ಟು, ಸುಮಾರು 100 ಗಂಟೆ. ಈ 100 ಗಂಟೆಗಳನ್ನು 25ರಂತೆ ನಾಲ್ಕು ಪಾಲು ಮಾಡಿ ನೋಡಿದರೆ ಸೊಗಸಾದ ಕ್ರಮವೊಂದು ಕಾಣುತ್ತದೆ. ಮೊದಲ ಪಾಲಿನಲ್ಲಿ ಮಟ್ಟ 43.75 ಸೆಂ.ಮೀ. ಇಳಿಯುತ್ತದೆ; ಎರಡನೆಯದರಲ್ಲಿ 31.25, ಮೂರನೆಯದರಲ್ಲಿ 18.75; ಕೊನೆಯದರಲ್ಲಿ ಕೇವಲ 6.25. ಇವು 7, 5, 3, 1 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿವೆ. ಮೊದಲ 50 ಗಂಟೆಗಳಲ್ಲಿ 739.2 ಲೀಟರ್, ಎಂದರೆ ಮುಕ್ಕಾಲು ಪಾಲು ನೀರು ಹೋಗಿರುತ್ತದೆ. ಉಳಿದ 246.4 ಲೀಟರ್ ಹೋಗಲು ಮತ್ತೆ ಅಷ್ಟೇ ಕಾಲ ಹಿಡಿಯುತ್ತದೆ.

ಇದು ಬರಿಯ ಸೂಕ್ಷ್ಮವಲ್ಲ. ಟ್ಯಾಂಕ್ ತಳ ಮುಟ್ಟುತ್ತಿರುವಾಗ ಸೋರಿಕೆಯನ್ನು ಗಮನಿಸಿದವರಿಗೆ ಅದು ಅಲ್ಪವೆಂದು ತೋರುತ್ತದೆ. 25 ಸೆಂ.ಮೀ. ನೀರಿರುವಾಗ ಗಂಟೆಗೆ 1 ಸೆಂ.ಮೀ. ಮಾತ್ರ ಇಳಿಯುವುದರಿಂದ ರಿಪೇರಿ ನಾಳೆಗೆ ಹೋಗುತ್ತದೆ. ಸಂಜೆ ಟ್ಯಾಂಕ್ ತುಂಬಿಸಿದೊಡನೆ ಅದೇ ರಂಧ್ರ ಇಮ್ಮಡಿ ನೀರು ಚೆಲ್ಲತೊಡಗುತ್ತದೆ. ತುಂಬಿದ ಟ್ಯಾಂಕಿನಿಂದ ರಾತ್ರಿಯ ಹತ್ತು ಗಂಟೆಗಳಲ್ಲಿ ಹೋಗುವ ನೀರು ಸುಮಾರು 187 ಲೀಟರ್, ಹದಿನೈದು ಲೀಟರಿನ ಹನ್ನೆರಡು ಕೊಡಕ್ಕೂ ಮಿಗಿಲು. ಇಷ್ಟಕ್ಕೆಲ್ಲ ಕಾರಣವಾಗಲು ಒಂದೂವರೆ ಮಿಲಿಮೀಟರಿಗಿಂತ ತುಸು ದೊಡ್ಡದಾದ ತೂತು ಸಾಕು.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಸೋರುವ ನೀರಿನಿಂದ ಕಾಲವನ್ನು ಅಳೆಯುತ್ತಿದ್ದ ಪ್ರಾಚೀನ ಈಜಿಪ್ಟಿನವರು ಪಾತ್ರೆಯ ಗೋಡೆಗಳನ್ನು ನೆಟ್ಟಗೆ ಇಡದೆ, ಕೆಳಕ್ಕೆ ಕಿರಿದಾಗುವಂತೆ ಓರೆಯಾಗಿ ಮಾಡಿದರು. ಸೋರಿಕೆ ನಿಧಾನವಾದರೂ ಮಟ್ಟ ಹೆಚ್ಚುಕಡಿಮೆ ಒಂದೇ ಸಮನೆ ಇಳಿಯಲೆಂದು. ನಮ್ಮ ಗಳಿಗೆ ಬಟ್ಟಲಿನ ಉಪಾಯ ಬೇರೆ. ತಳದಲ್ಲಿ ರಂಧ್ರವಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವ ಕಾಲವನ್ನು ಒಂದು ಗಳಿಗೆ, ಎಂದರೆ 24 ನಿಮಿಷ ಎಂದು ಎಣಿಸುತ್ತಿದ್ದರು.

ಪದ ಬೇರೆ, ಲೆಕ್ಕ ಒಂದೇ

ವಯನಾಡಿನ ಕನ್ನಡ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಗಣಿತವನ್ನು ಓದುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ನಾವು ತ್ರಿಜ್ಯ ಎಂಬುದು ಅವರ ಪುಸ್ತಕದಲ್ಲಿ 'ಆರಂ', ಘನಫಲವು 'ವ್ಯಾಪ್ತಂ', ಎತ್ತರವು 'ಉಯರಂ', ಸಿಲಿಂಡರ್ 'ವೃತ್ತಸ್ತಂಭಂ'. ವ್ಯಾಸ ಮಾತ್ರ ಎರಡೂ ಕಡೆ ವ್ಯಾಸವೇ. ಶಾಲೆಯ ಪದ ತಿಳಿಯದೆಂದು ಹಿರಿಯರು ಮಕ್ಕಳ ಲೆಕ್ಕದಿಂದ ದೂರ ಸರಿಯುವುದುಂಟು. ಈ ನಾಲ್ಕೈದು ಪದಗಳನ್ನು ಹೊಂದಿಸಿಕೊಂಡರೆ ಉಳಿದ ವಿಚಾರವನ್ನೆಲ್ಲ ಮನೆಯ ಮಾತಿನಲ್ಲಿಯೇ ನಡೆಸಬಹುದು. ರಾಜಾದಿತ್ಯನು 12ನೆಯ ಶತಮಾನದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದ ಭಾಷೆಗೆ ಟ್ಯಾಂಕಿನ ಲೆಕ್ಕ ಭಾರವಾಗಲಾರದು.

ಇದೇ ಸೂತ್ರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಕುರುಮ ಸಮುದಾಯದವರು ಕಾಪಾಡಿಕೊಂಡು ಬಂದಿರುವ 'ಕೇಣಿ' ಎಂಬ ಪುಟ್ಟ ಬಾವಿ ಸಹ ಒಂದು ಸಿಲಿಂಡರೇ. (ಕನ್ನಡದಲ್ಲಿ ಗುತ್ತಿಗೆ ಎಂಬ ಅರ್ಥದ ಕೇಣಿಗೂ ಇದಕ್ಕೂ ಸಂಬಂಧವಿಲ್ಲ.) ತಾಳೆ ಜಾತಿಯ ಮರದ ಕಾಂಡವನ್ನು ಬಹುಕಾಲ ನೀರಿನಲ್ಲಿ ನೆನೆಹಾಕಿ, ಒಳತಿರುಳು ಕೊಳೆತು ಹೋದ ಮೇಲೆ ಉಳಿಯುವ ಗಟ್ಟಿ ಕವಚವನ್ನು ಒರತೆಯಿರುವೆಡೆ ಇಳಿಸುತ್ತಾರೆ. ಟ್ಯಾಂಕಿನಲ್ಲಿ ನೀರು ಹೊರಗೆ ಸೋರಿದರೆ ಇಲ್ಲಿ ಒಳಗೆ ಒಸರುತ್ತದೆ. ಒಂದು ಮೀಟರ್ ವ್ಯಾಸದ ಕೇಣಿಯೆಂದು ಎಣಿಸಿದರೆ ಮಟ್ಟ ಒಂದು ಸೆಂ.ಮೀ. ಏರಿದಾಗ ಸುಮಾರು 7.85 ಲೀಟರ್ ನೀರು ಬಂದಂತೆ. ಅಳತೆ ಅದೇ, ದಿಕ್ಕು ಮಾತ್ರ ಬೇರೆ.

ಮನೆಯಲ್ಲಿ ಅಳೆಯುವ ಬಗೆ

ಟ್ಯಾಂಕ್ ತುಂಬಿದಾಗ ಒಳಹರಿವನ್ನೂ ನಲ್ಲಿಗಳನ್ನೂ ಮುಚ್ಚಿ, ಉದ್ದನೆಯ ಕೋಲೊಂದನ್ನು ತಳ ಮುಟ್ಟುವಂತೆ ನೆಟ್ಟಗೆ ಇಳಿಸಿ, ಒದ್ದೆಯಾದ ಮಟ್ಟಕ್ಕೆ ಗುರುತು ಹಾಕಬೇಕು. ಒಂದು ಗಂಟೆಯ ನಂತರ ಮತ್ತೆ ಅಳೆಯಬೇಕು. ಇಳಿದ ಸೆಂ.ಮೀ.ಗಳನ್ನು ಪಾದದ ವಿಸ್ತೀರ್ಣದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ನಷ್ಟವಾದ ಲೀಟರು ದೊರೆಯುತ್ತದೆ. ಕೊರಳು ಕಿರಿದಾದ ಟ್ಯಾಂಕುಗಳಲ್ಲಿ ನೀರು ಕೊರಳಿನಿಂದ ಕೆಳಗಿಳಿದ ಮೇಲೆಯೇ ಅಳತೆ ಆರಂಭಿಸಬೇಕು. ಮಟ್ಟವು ಒಂದೆಡೆ ಇಳಿದು ಅಲ್ಲಿಯೇ ನಿಂತುಬಿಟ್ಟರೆ ರಂಧ್ರ ತಳದಲ್ಲಿಲ್ಲ, ಆ ಎತ್ತರದ ಗೋಡೆಯಲ್ಲಿದೆ ಎಂದು ತಿಳಿಯಬೇಕು. ಹುಡುಕುವ ಶ್ರಮ ಅಲ್ಲಿಗೆ ಉಳಿಯಿತು.

ಪರೀಕ್ಷೆಯಲ್ಲಿ ಮಕ್ಕಳು ಪ್ರಶ್ನೆ ಕೊಟ್ಟ ಷರತ್ತಿನಂತೆ 50 ಗಂಟೆ ಎಂದೇ ಬರೆಯಲಿ. ಮನೆಯಲ್ಲಿ ಮಾತ್ರ ಆ ಷರತ್ತನ್ನು ನೀರು ಪಾಲಿಸುವುದಿಲ್ಲವೆಂಬುದನ್ನೂ, ತುಂಬಿದ ಟ್ಯಾಂಕಿನ ತೂತನ್ನೇ ಮೊದಲು ಮುಚ್ಚಬೇಕೆಂಬುದನ್ನೂ ಅವರಿಗೆ ಕನ್ನಡದಲ್ಲಿ ಹೇಳಿಕೊಡೋಣ.