ಉಮ್ಮನಿಗೆ ಹೆಣ್ಣು ನರ್ಸ್ ಬೇಕು, ಮಗಳು ನರ್ಸ್ ಆಗಬಾರದೇ?

ಕಳೆದ ವರ್ಷ ಪಿಯುಸಿ ಫಲಿತಾಂಶ ಬಂದ ವಾರ. ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ನಮ್ಮ ಜಮಾಅತ್‌ನ ಒಬ್ಬರು ಕೈ ಹಿಡಿದು ನಿಲ್ಲಿಸಿದರು. ಮೀನಿನ ಲಾರಿಯಲ್ಲಿ ದುಡಿಯುವವರು. ಅವರ ಇಬ್ಬರು ಹೆಣ್ಣು ಮಕ್ಕಳೂ ನಮ್ಮ ಮದ್ರಸದಲ್ಲೇ ಕಲಿತವರು.

"ಉಸ್ತಾದರೇ, ಸಣ್ಣವಳಿಗೆ ಸೈನ್ಸಿನಲ್ಲಿ ಒಳ್ಳೆ ಮಾರ್ಕು ಬಂದಿದೆ. ಸಿಇಟಿಯೂ ಬರೆದಿದ್ದಾಳೆ. ಬಿಎಸ್ಸಿ ನರ್ಸಿಂಗ್ ಮಾಡ್ತೇನೆ ಅಂತ ಒಂದೇ ಹಠ. ನನ್ನ ಅಣ್ಣಂದಿರು ಬೇಡ ಅಂತಾರೆ. ನೀವು ಏನು ಹೇಳ್ತೀರಿ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಇವರೇ ದೊಡ್ಡ ಮಗಳ ವಿಷಯ ಕೇಳಿದಾಗ, "ನರ್ಸಿಂಗಾ? ಒಳ್ಳೆ ಕೆಲಸ, ಸೇರಿಸಿ" ಎಂದು ದುಆ ಮಾಡಿ ಕಳಿಸಿದ್ದೆ. ಯಾವ ಕೋರ್ಸ್, ಎಷ್ಟು ವರ್ಷ, ಸರ್ಟಿಫಿಕೇಟ್ ಕೊಡುವವರು ಯಾರು ಎಂದು ಒಂದನ್ನೂ ಕೇಳಲಿಲ್ಲ. ಅದು ಪೇಟೆಯ ಒಂದು ಸಂಸ್ಥೆಯ ಒಂದು ವರ್ಷದ ಕೋರ್ಸ್. ಉಮ್ಮನ ಎರಡು ಬಳೆ ಮಾರಿ ಫೀಸು ಕಟ್ಟಿದ್ದರು. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಆ ಸರ್ಟಿಫಿಕೇಟಿಗೆ ನರ್ಸ್ ಎಂದು ನೋಂದಣಿ ಸಿಗುವುದಿಲ್ಲ. ಆ ಹುಡುಗಿ ಒಂದು ಕ್ಲಿನಿಕ್‌ನಲ್ಲಿ ಟೋಕನ್ ಕೊಡುತ್ತಾ ಕುಳಿತಳು. ಆಮೇಲೆ ಮದುವೆಯಾಯಿತು.

ಹಾಗಾಗಿ ಈ ಸಲ "ಎರಡು ದಿನ ಸಮಯ ಕೊಡಿ" ಎಂದೆ. ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ, ಕಾಲೇಜಿನವರಲ್ಲಿ ಕೇಳಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇದೆ.

ದೀನಿನ ಮಾತು ಮೊದಲು

ಅಣ್ಣಂದಿರ ಆಕ್ಷೇಪ ಏನು? ರಾತ್ರಿ ಡ್ಯೂಟಿ, ಗಂಡಸರ ವಾರ್ಡು, ಉಡುಪು. ಇದನ್ನು ನಗಣ್ಯ ಮಾಡಬಾರದು. ಆದರೆ ನಾನೊಂದು ಮಾತು ಕೇಳಿದೆ: "ನಿಮ್ಮ ಮನೆಯ ಹೆಂಗಸರ ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಹೆಣ್ಣು ಡಾಕ್ಟರ್, ಹೆಣ್ಣು ನರ್ಸ್ ಇದ್ದಾರಾ ಅಂತ ಕೇಳಿದವರು ನೀವೇ ಅಲ್ವಾ? ಅವರು ಎಲ್ಲಿಂದ ಬರಬೇಕು?" ಉತ್ತರ ಬರಲಿಲ್ಲ.

ನಮ್ಮ ಶಾಫಿಈ ಮದ್ಹಬಿನ ಇಮಾಂ ಗಝ್ಝಾಲಿಯವರು ವೈದ್ಯ ವಿದ್ಯೆಯನ್ನು ಫರ್ಳ್ ಕಿಫಾಯ ಎಂದು ಎಣಿಸಿದ್ದಾರೆ. ಊರಿನಲ್ಲಿ ಸಾಕಷ್ಟು ಮಂದಿ ಅದನ್ನು ಕಲಿತರೆ ಉಳಿದವರ ಹೊಣೆ ತೀರುತ್ತದೆ, ಯಾರೂ ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಆರೈಕೆಗೆ ಇರಿಸಿದ್ದು ರುಫೈದಾ (ರ) ಎಂಬ ಸ್ವಹಾಬಿ ವನಿತೆಯ ಗುಡಾರದಲ್ಲಿ. ಪ್ರವಾದಿಯವರು (ಸ.ಅ) ಅಲ್ಲಿಗೆ ಹೋಗಿ ಅವರ ಆರೋಗ್ಯ ವಿಚಾರಿಸುತ್ತಿದ್ದರು. ಉಮ್ಮು ಅತಿಯ್ಯ (ರ) ಏಳು ಯುದ್ಧಗಳಲ್ಲಿ ಜೊತೆಗೆ ಹೋಗಿ ಅಡುಗೆ ಮಾಡಿದವರು, ಗಾಯಾಳುಗಳಿಗೆ ಮದ್ದು ಕಟ್ಟಿದವರು. ಇದನ್ನೆಲ್ಲ ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆ ಮಕ್ಕಳು ಅದೇ ದಾರಿಯಲ್ಲಿ ಹೋಗುತ್ತೇವೆ ಅಂದಾಗ ಮಾತ್ರ ಹೆದರುತ್ತೇವೆ.

ಸಭ್ಯತೆಯ ಪ್ರಶ್ನೆಗೂ ದಾರಿ ಇದೆ. ಸೇರುವ ಮೊದಲೇ ಕಾಲೇಜಿಗೆ ಹೋಗಿ ನೇರವಾಗಿ ಕೇಳಿ: ಯೂನಿಫಾರ್ಮ್ ಹೇಗೆ? ತಲೆವಸ್ತ್ರಕ್ಕೆ ಅವಕಾಶ ಇದೆಯೇ? ಹಾಸ್ಟೆಲ್ ಕ್ಯಾಂಪಸ್‌ನ ಒಳಗೇ ಇದೆಯೇ? ರಾತ್ರಿ ಪಾಳಿ ಮುಗಿಸಿದವರು ಹಾಸ್ಟೆಲ್‌ಗೆ ಹೇಗೆ ಬರುತ್ತಾರೆ? ಕೇಳಿದರೆ ಯಾರೂ ಬೇಸರ ಮಾಡುವುದಿಲ್ಲ. ಫೀಸು ಕಟ್ಟಿದ ಮೇಲೆ ಜಗಳ ಮಾಡುವುದಕ್ಕಿಂತ ಇದು ಒಳ್ಳೆಯದು.

ಕೋರ್ಸ್ ಯಾವುದು?

"ನರ್ಸಿಂಗ್" ಎಂಬ ಬೋರ್ಡಿನ ಅಡಿಯಲ್ಲಿ ಹಲವು ಕೋರ್ಸ್‌ಗಳಿವೆ. ನಮ್ಮವರು ಎಡವುವುದು ಇಲ್ಲೇ.

ಬಿಎಸ್ಸಿ ನರ್ಸಿಂಗ್ ವಿಶ್ವವಿದ್ಯಾಲಯದ ಪದವಿ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಕಲಿತಿರಬೇಕು. ಸಾಮಾನ್ಯವಾಗಿ ಶೇ. 45 ಅಂಕ ಬೇಕು, ವಯಸ್ಸು 17 ತುಂಬಬೇಕು. ಅನಾಟಮಿ, ಫಿಸಿಯಾಲಜಿಯಿಂದ ಹಿಡಿದು ಮಕ್ಕಳ ಆರೈಕೆ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯದವರೆಗೆ ಕಲಿಯಬೇಕು. ಕೊನೆಯ ಸೆಮಿಸ್ಟರ್ ಇಂಟರ್ನ್‌ಶಿಪ್. ತರಗತಿ ಹಾಜರಾತಿ ಶೇ. 80 ಸಾಕು, ಆದರೆ ಡಿಗ್ರಿ ಕೈಗೆ ಬರಬೇಕಾದರೆ ವಾರ್ಡಿನ ತರಬೇತಿ ಶೇ. 100 ಪೂರ್ತಿ ಆಗಿರಬೇಕು. ಮದುವೆ, ಉರೂಸ್ ಎಂದು ಮಗಳನ್ನು ಪದೇಪದೇ ಊರಿಗೆ ಕರೆಸುವ ಹೆತ್ತವರು ಇದನ್ನು ನೆನಪಿಡಬೇಕು.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಕಲಿತವರಿಗೂ ಇದಕ್ಕೆ ದಾರಿ ಇದೆ. ಇದನ್ನು ಮುಗಿಸಿ ನೋಂದಣಿ ಮಾಡಿಸಿದವರು ಮತ್ತೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಪದವಿ ಪಡೆಯಬಹುದು. ಆರು ತಿಂಗಳ, ಒಂದು ವರ್ಷದ 'ನರ್ಸಿಂಗ್ ಅಸಿಸ್ಟೆಂಟ್' ಸರ್ಟಿಫಿಕೇಟ್ ಬೇರೆಯೇ. ಸಹಾಯಕರಾಗಿ ದುಡಿಯುವುದು ಹಲಾಲ್ ದುಡಿಮೆಯೇ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಅದರಿಂದ ರಿಜಿಸ್ಟರ್ಡ್ ನರ್ಸ್ ಆಗುವುದಿಲ್ಲ. ಆಗುತ್ತದೆ ಎಂದು ಹೇಳಿ ಹಣ ತೆಗೆದುಕೊಳ್ಳುವುದು ಮೋಸ.

ಡಿಗ್ರಿ ಯಾರ ಹೆಸರಲ್ಲಿ?

ರಾಜ್ಯದ ಹೆಚ್ಚಿನ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪರೀಕ್ಷೆ, ಪದವಿ ಎಲ್ಲ ಅದರದ್ದೇ. ನಮ್ಮ ಕರಾವಳಿಯಲ್ಲಿ ಮಣಿಪಾಲದ ಮಾಹೆ, ದೇರಳಕಟ್ಟೆಯ ಯೆನೆಪೊಯ ಮತ್ತು ನಿಟ್ಟೆ ಡೀಮ್ಡ್ ವಿಶ್ವವಿದ್ಯಾಲಯಗಳು. ಅವುಗಳ ನರ್ಸಿಂಗ್ ಕಾಲೇಜುಗಳ ಪದವಿಯನ್ನು ಅವೇ ಕೊಡುತ್ತವೆ, ಪ್ರವೇಶದ ಕ್ರಮ, ಫೀಸು ಬೇರೆ ಬೇರೆ. ಸರಕಾರಿ ಕೋಟಾದ ಸೀಟು ಈಗ ಕೆಇಎ ನಡೆಸುವ ಸಿಇಟಿ ಮೂಲಕ. ಸಿಇಟಿ ಅರ್ಜಿ ಹಾಕುವುದು ಪಿಯುಸಿ ಫಲಿತಾಂಶಕ್ಕಿಂತ ಎಷ್ಟೋ ಮೊದಲು. ಮಾರ್ಕು ನೋಡಿ ಆಮೇಲೆ ಯೋಚಿಸೋಣ ಅಂದರೆ ಬಸ್ ಹೋಗಿರುತ್ತದೆ. 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿ ಇಟ್ಟುಕೊಳ್ಳಿ.

ಹಣ ಕಟ್ಟುವ ಮೊದಲು ನೋಡಬೇಕಾದ್ದು ಇಷ್ಟು. ಕಾಲೇಜಿನ ಹೆಸರು ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಈ ವರ್ಷ ಇದೆಯೇ? ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯೇ? ಹೊರರಾಜ್ಯ, ಗಲ್ಫ್ ಎಂಬ ಯೋಚನೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯನ್ನೂ ನೋಡಿ. ಸ್ವಂತ ಆಸ್ಪತ್ರೆ ಇದೆಯೇ, ಅದರಲ್ಲಿ ರೋಗಿಗಳಿದ್ದಾರೆಯೇ? ಬಿಎಸ್ಸಿ ಕಾಲೇಜಿಗೆ 100 ಹಾಸಿಗೆಯ ಆಸ್ಪತ್ರೆ ಇರಬೇಕು ಎಂಬುದು ಕೌನ್ಸಿಲ್‌ನ ನಿಯಮ. ಖಾಲಿ ಹಾಸಿಗೆ ನೋಡಿಕೊಂಡು ಯಾರೂ ನರ್ಸ್ ಆಗುವುದಿಲ್ಲ. ಏಜೆಂಟ್ ಕೈಗೆ ದುಡ್ಡು ಕೊಡಬೇಡಿ. ಕಾಲೇಜಿನಲ್ಲೇ ಕಟ್ಟಿ, ರಶೀದಿ ಪಡೆಯಿರಿ.

ಫೀಸಿಗೆ ಕಷ್ಟ ಇರುವವರು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೂ ಒಮ್ಮೆ ಹೋಗಿ ವಿಚಾರಿಸಿ. ಮದುವೆಗೆ ಸಹಾಯ ಮಾಡುವ ನಮ್ಮ ಜಮಾಅತ್‌ಗಳು ಒಬ್ಬ ಹುಡುಗಿಯ ಒಂದು ವರ್ಷದ ಫೀಸನ್ನು ಹೊತ್ತುಕೊಂಡರೆ ಅದೂ ಸ್ವದಖವೇ.

ಕಲಿತ ಮೇಲೆ ಏನು?

ಪದವಿ ಮುಗಿಸಿ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಸರಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಎಂಎಸ್ಸಿ ಮಾಡಿದರೆ ಕಾಲೇಜಿನಲ್ಲಿ ಪಾಠ, ಹೀಗೆ ಹಲವು ದಾರಿ. ಗಲ್ಫಿಗೆ ಹೋಗುವವರಿಗೆ ಸಾಮಾನ್ಯವಾಗಿ ಆಸ್ಪತ್ರೆಯ ಅನುಭವ, ದಾಖಲೆ ಪರಿಶೀಲನೆ, ಅಲ್ಲಿನ ಲೈಸೆನ್ಸ್ ಪರೀಕ್ಷೆ ಬೇಕಾಗುತ್ತದೆ. ಇದು ಹೆಣ್ಣು ಮಕ್ಕಳಿಗೆ ಮಾತ್ರ ಅಲ್ಲ. ಹಾಸಿಗೆ ಹಿಡಿದ ನಮ್ಮ ಬಾಪನಿಗೆ ಸ್ನಾನ ಮಾಡಿಸಲು ಗಂಡು ನರ್ಸ್ ಬೇಕು. ಪಿಯುಸಿ ಮುಗಿಸಿ ಗಲ್ಫಿನ ಅಂಗಡಿ ಕೆಲಸಕ್ಕೆ ಹೊರಡುವ ಹುಡುಗರೂ ಇದನ್ನು ಯೋಚಿಸಲಿ.

ಎರಡು ದಿನ ಆದ ಮೇಲೆ ನಾನೇ ಅವರ ಮನೆಗೆ ಹೋದೆ. ಅಣ್ಣಂದಿರೂ ಇದ್ದರು. ಹಳೆಯ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡು, ಆಮೇಲೆ ಈ ವಿಷಯ ಹೇಳಿದೆ. ಒಬ್ಬರು ಸುಮ್ಮನಾದರು, ಇನ್ನೊಬ್ಬರು ಕಾಲೇಜು ನೋಡಲು ತಾವೇ ಕಾರು ತಂದರು. ಹುಡುಗಿ ಈಗ ಮೊದಲ ವರ್ಷ ಕಲಿಯುತ್ತಿದ್ದಾಳೆ, ಅಲ್‌ಹಮ್ದುಲಿಲ್ಲಾಹ್.

ಮೊನ್ನೆ ದೊಡ್ಡವಳು ಬಾಪನ ಮೂಲಕ ನನ್ನಲ್ಲಿ ಕೇಳಿಸಿದ್ದಾಳೆ: "ಆರ್ಟ್ಸ್ ಕಲಿತ ನನಗೆ ಈಗ ಜಿಎನ್‌ಎಂ ಆಗುತ್ತದಾ? ಮನೆಯವರು ಒಪ್ಪಿದ್ದಾರೆ." ವಯಸ್ಸಿನ ಮಿತಿ 35. ಅವಳಿಗೆ ಇನ್ನೂ ಬೇಕಾದಷ್ಟು ಸಮಯ ಇದೆ. ಈ ಸಲ ದುಆ ಮಾಡುವ ಮೊದಲು ಕಾಲೇಜಿನ ಹೆಸರು ಕೇಳಿದ್ದೇನೆ.