ತಂತಿ ತಾಳುವ ಶ್ರುತಿ

ದರೋಜಿಯಿಂದ ಹಂಪೆಗೆ ದೂರ ಹೆಚ್ಚಿಲ್ಲ. ನಾದದ ವಿಷಯದಲ್ಲಿ ಮಾತ್ರ ಎರಡೂ ಊರುಗಳ ದಾರಿ ಬೇರೆ. ಹಂಪೆಯ ವಿಜಯವಿಠ್ಠಲ ದೇವಾಲಯದಲ್ಲಿ ತಟ್ಟಿದರೆ ಸ್ವರ ಹೊಮ್ಮಿಸುವ ಕಲ್ಲುಕಂಬಗಳಿವೆ. ಶಿಲ್ಪಿ ಕೊಟ್ಟ ಸ್ವರವನ್ನು ಕಲ್ಲು ಬಿಟ್ಟುಕೊಡದು. ಹಾಡುವವರೇ ಅದಕ್ಕೆ ಹೊಂದಿಕೊಳ್ಳಬೇಕು. ದರೋಜಿಯದು ಬುರ್ರಕಥೆಯ ಪರಂಪರೆ. 2014ರಲ್ಲಿ ತೀರಿಕೊಂಡ ಬುರ್ರಕಥಾ ಈರಮ್ಮನವರು ಓದುಬರಹ ಬಾರದಿದ್ದರೂ ಹನ್ನೆರಡು ಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಇಂತಹ ದೀರ್ಘ ಗಾಯನಕ್ಕೆ ಕಲ್ಲಿನ ಹಟ ಸಲ್ಲದು. ಕಂಠದೊಡನೆ ಏರಿಳಿಯಬಲ್ಲ ಶ್ರುತಿ ಬೇಕು.

ತೆಲುಗಿನಲ್ಲಿ ಬುರ್ರ ಎಂದರೆ ಬುರುಡೆ. ಆ ನಾಡಿನ ಕಥೆಗಾರರು ಹೆಗಲಿಗೇರಿಸುವ ತಂಬೂರಿಯ ಟೊಳ್ಳು ಬುರುಡೆಯಿಂದಲೇ ಕಥೆಗೆ ಈ ಹೆಸರು ಬಂತೆಂದು ಹೇಳುವುದುಂಟು. ತಂತಿ ನಾದವನ್ನು ಹುಟ್ಟಿಸುತ್ತದೆ, ಬುರುಡೆ ಅದನ್ನು ಬೆಳೆಸುತ್ತದೆ. ಶ್ರುತಿ ಬದಲಿಸಬೇಕೆಂದರೆ ಬಿರಡೆ ತಿರುಗಿಸಿದರಾಯಿತು ಎಂಬುದು ಸಾಮಾನ್ಯರ ಎಣಿಕೆ. ಆದರೆ ಪ್ರತಿ ತಿರುವಿಗೂ ತಂತಿ ಬೆಲೆ ತೆರುತ್ತದೆ.

ತಂತಿಯ ಸ್ವರವನ್ನು ನಿರ್ಣಯಿಸುವವು ಮೂರು: ಉದ್ದ, ಬಿಗಿತ, ತೂಕ. ಫ್ರಾನ್ಸಿನ ಮರ್ಸೆನ್ 1636ರಲ್ಲಿಯೇ ಈ ನಿಯಮವನ್ನು ಪ್ರಕಟಿಸಿದನು. ಉದ್ದವೂ ದಪ್ಪವೂ ಬದಲಾಗದಿದ್ದರೆ, ಸ್ವರವನ್ನು ಇಮ್ಮಡಿಗೊಳಿಸಲು ಬಿಗಿತವನ್ನು ನಾಲ್ಮಡಿ ಮಾಡಬೇಕು. ತಂಬೂರಿಯ ಮೊದಲ ತಂತಿಯನ್ನು ಸಾಮಾನ್ಯವಾಗಿ ಪಂಚಮಕ್ಕೆ ಸೇರಿಸುತ್ತಾರೆ. ಹಿಂದೂಸ್ತಾನಿ ಮಾಲಕಂಸದಲ್ಲಿ ಪಂಚಮವಿಲ್ಲ. ಆಗ ಅದನ್ನು ಮಧ್ಯಮಕ್ಕಿಳಿಸಬೇಕು. 100 ಪಾಲಿದ್ದ ಬಿಗಿತ 79ಕ್ಕೆ ಇಳಿಯುತ್ತದೆ. ಮಾರವಾ ರಾಗಕ್ಕಾಗಿ ಅದೇ ತಂತಿಯನ್ನು ನಿಷಾದಕ್ಕೇರಿಸಿದರೆ ಬಿಗಿತ ಸುಮಾರು 156 ಆಗುತ್ತದೆ!

ಹಾಗಾದರೆ ಏರಿಸುವಾಗ ದಪ್ಪ ತಂತಿ ಹಾಕಿದರೆ ಹರಿಯದಲ್ಲವೇ? ಇಲ್ಲಿಯೇ ಹಲವರು ಎಡವುತ್ತಾರೆ. ದಪ್ಪ ತಂತಿ ಹೆಚ್ಚು ಭಾರ ತಾಳುವುದು ನಿಜ. ಆದರೆ ಅದೇ ಸ್ವರಕ್ಕೆ ಬರಲು ಅದಕ್ಕೆ ಅಷ್ಟೇ ಹೆಚ್ಚು ಭಾರ ಬೇಕು. ಒಂದೇ ಲೋಹ, ಒಂದೇ ಉದ್ದವಾದರೆ ದಪ್ಪವಿರಲಿ ತೆಳುವಿರಲಿ, ಹರಿಯುವ ಸ್ವರ ಹೆಚ್ಚು ಕಡಿಮೆ ಒಂದೇ. ಅದನ್ನು ನಿರ್ಧರಿಸುವುದು ಲೋಹ. ಪಕ್ಕದ ಉಕ್ಕಿನ ತಂತಿಗಳು ನಿಷಾದಕ್ಕಿಂತ ಎತ್ತರದ ಷಡ್ಜದಲ್ಲಿಯೇ ನಿಂತಿರುವುದರಿಂದ, ಮೊದಲ ತಂತಿಯೂ ಉಕ್ಕಿನದಾದರೆ ಭಯವಿಲ್ಲ. ಹಿತ್ತಾಳೆಯದಾದರೆ ಎಚ್ಚರ ಬೇಕು. ಮಂದ್ರ ಷಡ್ಜಕ್ಕೆ ಹಿತ್ತಾಳೆ ಸಲ್ಲುವುದೂ ಅಲ್ಲಿ ಎಳೆತ ಕಡಿಮೆಯೆಂದೇ.

ದಪ್ಪದ ಆಯ್ಕೆ ಹರಿಯುವುದನ್ನು ತಪ್ಪಿಸಲಿಕ್ಕಲ್ಲ, ಬಿಗಿತವನ್ನು ಹದದಲ್ಲಿಡಲಿಕ್ಕೆ. ಬಿಗಿತ ಮೀರಿದರೆ ದಂಡಿಗೆಗೂ ಕುದುರೆಗೂ ಭಾರ. ಸಡಿಲವಾದರೆ ಕುದುರೆಯ ಮೇಲೆ ತಂತಿಯಡಿ ಇಡುವ ನೂಲೆಳೆ ಕೆಲಸ ಮಾಡದು. ಆ ಎಳೆಗೆ ನಮ್ಮವರು ಇಟ್ಟ ಹೆಸರೇ ‘ಜೀವ’. ಅದು ತಪ್ಪಿದರೆ ಝೇಂಕಾರವೇ ಇಲ್ಲ. ಲೆಕ್ಕ ಸುಲಭ: ಸ್ವರ ಎಷ್ಟು ಪಾಲು ಏರುವುದೋ ದಪ್ಪ ಅಷ್ಟು ಪಾಲು ಇಳಿಯಬೇಕು. ಪಂಚಮಕ್ಕೆ 0.40 ಮಿಲಿಮೀಟರಿನ ತಂತಿ ಹದವಾಗಿದ್ದರೆ, ನಿಷಾದಕ್ಕೆ 0.32, ಮಧ್ಯಮಕ್ಕೆ 0.45.

ಈ ಲೆಕ್ಕ ಕಡಲಾಚೆಯೂ ಬದಲಾಗದು. ಸ್ಲೊವಾಕಿಯಾದಿಂದ ಅಮೆರಿಕೆಗೆ ವಲಸೆ ಹೋದ ಜಾನ್ ಡೋಪಿಯೇರಾ 1920ರ ದಶಕದ ಉತ್ತರಾರ್ಧದಲ್ಲಿ ಗಿಟಾರಿನೊಳಗೆ ಅಲ್ಯೂಮಿನಿಯಮ್ಮಿನ ತೆಳುವಾದ ಶಂಕುವನ್ನು ಕೂರಿಸಿದನು. ಅದೇ ರೆಸೊನೇಟರ್ ಗಿಟಾರು. ಆ ಶಂಕುವೇ ಅದರ ಬುರುಡೆ. ಗೋಟುವಾದ್ಯದಲ್ಲಿ ಮರದ ತುಂಡು ಜಾರುವಂತೆ ಇದರ ತಂತಿಗಳ ಮೇಲೆ ಉಕ್ಕಿನ ಸರಳು ಜಾರುತ್ತದೆ. ಅದರ ಒಂದು ಪ್ರಸಿದ್ಧ ಶ್ರುತಿಯಲ್ಲಿ ಆರನೆಯ ತಂತಿ ‘ಇ’ಯಿಂದ ‘ಜಿ’ಗೆ ಏರುತ್ತದೆ, ಬಿಗಿತ 100ರಿಂದ 141ಕ್ಕೆ. ಇನ್ನೊಂದರಲ್ಲಿ ಮೊದಲ ತಂತಿ ‘ಡಿ’ಗೆ ಇಳಿದು 79ಕ್ಕೆ ಸಡಿಲುತ್ತದೆ, ಸರಳಿನ ಭಾರಕ್ಕೆ ಕುಸಿದು ಕಟಕಟನೆ ಸದ್ದು ಮಾಡುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಕೊಂಚ ತೆಳು, ಎರಡನೆಯದಕ್ಕೆ ಕೊಂಚ ದಪ್ಪ ತಂತಿಯನ್ನು ಆರಿಸಬೇಕು. ಎಲ್ಲವನ್ನೂ ದಪ್ಪವಾಗಿಸಿ ಬಿಗಿದರೆ ಶಂಕುವೇ ತಗ್ಗಬಹುದು.

ಇಷ್ಟೆಲ್ಲ ಲೆಕ್ಕ ಯಾರಿಗಾಗಿ? ಕಂಠಕ್ಕಾಗಿ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡುದನಿಯ ಗಾಂಭೀರ್ಯಕ್ಕೆ ಇಳಿಯಿತು. ನಾಡು ಆ ದನಿಯನ್ನೇ ಪೂಜಿಸಿತು. ಹೆಣ್ಣುಕಂಠದ ಐದೂವರೆ ಮನೆಯ ತಂಬೂರಿಯನ್ನು ತಂತಿ ಬದಲಿಸದೆ ಒಂದೂವರೆಗೆ ಇಳಿಸಿದರೆ ಬಿಗಿತ 100ರಿಂದ 44ಕ್ಕೆ ಕುಸಿಯುತ್ತದೆ, ನಾದ ಸಾಯುತ್ತದೆ. ಆಗ ಒಂದೂವರೆ ಪಟ್ಟು ದಪ್ಪದ ತಂತಿ ಕಟ್ಟುವುದು ಒಂದು ದಾರಿ, ಹಳೆಯ ಶ್ರುತಿಗೆ ಗಂಟಲನ್ನು ಹಿಂಸಿಸುವುದು ಸಲ್ಲದು.

ತಂತಿ ಹರಿದರೆ ಅಂಗಡಿಯಲ್ಲಿ ಮತ್ತೊಂದು ಸಿಕ್ಕೀತು. ಕಂಠ ಒಡೆದರೆ ಕೊಡುವ ಅಂಗಡಿಯಿಲ್ಲ. ಕಲ್ಲಿನ ಕಂಬಕ್ಕೆ ಬಿರಡೆಯಿಲ್ಲ. ಬಿರಡೆಯಿರುವ ವಾದ್ಯವನ್ನು ಕಲ್ಲಾಗಿಸದೆ, ಕಂಠವನ್ನು ಕೇಳಿ ತಂತಿಯನ್ನು ಆರಿಸುವುದೇ ಜಾಣತನ.